ಕಾಲಡಿಯ ಹೆಸರುಗಳು

ಮಂಡಿ ಮೊಹಲ್ಲಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ಬಾಯಲ್ಲಿ ಸದಾ ಒಂದೇ ಮಾತು: “ಅಂಗೆಲ್ಲಾ ಮಾಡ್ಬಾರ್ದು ಕಣಮ್ಮ.” ಚರ್ಚಿನಲ್ಲಿ ನಾನು ಕಾಲ ಮೇಲೆ ಕಾಲು ಹಾಕಿ ಕೂತರೂ ಅದೇ, ಹೊಸ್ತಿಲ ಮೇಲೆ ನಿಂತರೂ ಅದೇ. ಸಕಲ ಆತ್ಮಗಳ ದಿನ ಗಂಡನ ಸಮಾಧಿಯ ಜೊತೆಗೆ ಅಕ್ಕಪಕ್ಕದ ಸಮಾಧಿಗಳನ್ನೂ ತೊಳೆದು ಹೂವಿಡುತ್ತಿದ್ದರು.

ಚರ್ಚಿನವರೆಲ್ಲ ಸ್ಪೇನಿಗೆ ಯಾತ್ರೆ ಹೋದಾಗ, ಅಲ್ಲಿನ ಒಂದು ಹಳೆಯ ಚರ್ಚಿನ ಬಾಗಿಲಲ್ಲೂ ಆಂಟಿ ಊರಿನಲ್ಲಿ ಬಿಡುವಂತೆಯೇ ಚಪ್ಪಲಿ ಬಿಟ್ಟರು. ನಾವು ಬೂಟು ಹಾಕಿಕೊಂಡೇ ಬಲಿಪೀಠದ ಚಿನ್ನ ನೋಡುತ್ತಾ ನಡೆದೆವು. ಹಿಂದಿನಿಂದ ಆಂಟಿ ಕೂಗಿಬಿಟ್ಟರು: “ಅಯ್ಯೋ ಯೇಸಪ್ಪಾ! ನಿಂತ್ಕೊಳ್ರೀ, ಸಮಾಧಿ ತುಳೀತಾ ಇದೀರಾ!”

ನೆಲದ ಕಲ್ಲಿನಲ್ಲಿ ಕೆತ್ತಿದ್ದ ಅಕ್ಷರಗಳು ಅವರ ಬರಿಗಾಲಿಗೆ ತಗುಲಿದ್ದವು. ಹಿಂದೆಲ್ಲ ಇಲ್ಲೇ ಹೂಳುತ್ತಿದ್ದರು, ಎಲ್ಲರೂ ಮೇಲೆಯೇ ನಡೆಯುತ್ತಾರೆ ಎಂದು ಗೈಡ್ ನಕ್ಕ. ಆಂಟಿ ಮಂಡಿಯೂರಿ ಸೆರಗಿನಿಂದ ಕಲ್ಲು ಒರೆಸತೊಡಗಿದರು.

“ತುಳಿದೂ ತುಳಿದೂ ಹೆಸರೇ ಅಳಿಸೋಗಿದೆ. ಅಂಗೆಲ್ಲಾ ಮಾಡ್ಬಾರ್ದು ಕಣಮ್ಮ.”

ನಾನು ಗಾಬರಿಯಿಂದ ಪಕ್ಕಕ್ಕೆ ಸರಿದೆ. ಅಲ್ಲೂ ಒಂದು ಹೆಸರಿತ್ತು. ತಿರುಗಿ ನೋಡಿದರೆ ಬಾಗಿಲಿನವರೆಗೂ ನೆಲವೆಲ್ಲ ಹೆಸರುಗಳೇ. ಹೊರಗೆ ಹೋಗಬೇಕೆಂದರೂ ಅವರನ್ನೆಲ್ಲ ತುಳಿದೇ ಹೋಗಬೇಕಿತ್ತು.