ಕೆಂಪಕ್ಕನ ಮೇಜಿನ ಗಂಟೆ

ಆ ಅಚ್ಚುಕೂಟದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಾರು ಏನೇ ದೂರು ಹೇಳಲಿ, "ಮೊದಲು ಪ್ಲಗ್ ನೋಡಿದ್ರಾ?" ಅನ್ನುತ್ತಿದ್ದ. ಹಾಗಾಗಿ ಪ್ಲಗ್ಗಪ್ಪ. ಹತ್ತರಲ್ಲಿ ಆರು ಸಲ ಪ್ಲಗ್ಗೇ ಕಳಚಿರುತ್ತಿತ್ತು ಅನ್ನಿ, ಅದು ಬೇರೆ ಮಾತು. ಕೈಗುಣ ಒಳ್ಳೆಯದು, ಬಾಯಿ ಸ್ವಲ್ಪ ಜಾಸ್ತಿ. "ರೋಗಿಯ ನಾಡಿ ರೋಗಿಯ ಕೈಯಲ್ಲೇ ನೋಡ್ಬೇಕು ಕಣ್ರೀ" ಎಂದು ಕೊಚ್ಚಿಕೊಳ್ಳುತ್ತಾ, ಯಾರ ಮೆಷಿನ್ ಕೆಟ್ಟಿದೆಯೋ ಅವರ ಕುರ್ಚಿಯಲ್ಲೇ ಕೂತು ಪರೀಕ್ಷೆ ಮಾಡುತ್ತಿದ್ದ. ಎಂಟು ವರ್ಷ ಅದೇ ಪದ್ಧತಿ.

ಎರಡನೇ ಮಹಡಿಯಲ್ಲಿ ಕರಡು ತಿದ್ದುವವಳು ಕೆಂಪಕ್ಕ. ಕೈಯ ಕೆಂಪು ಪೆನ್ಸಿಲಿನಿಂದ ಬಂದ ಹೆಸರು ಅದು. ಸಾಲಿನ ಕೆಳಗೆ ಸ್ಕೇಲ್ ಇಟ್ಟು ತಲೆ ಬಗ್ಗಿಸಿದಳೆಂದರೆ ಸೂರು ಕಳಚಿ ಬಿದ್ದರೂ ಎತ್ತುವವಳಲ್ಲ. ಪಕ್ಕದಲ್ಲಿದ್ದ ಕಂಪ್ಯೂಟರ್ ಟಿಣ್ ಅಂದರೆ ಮಾತ್ರ ಎತ್ತುತ್ತಿದ್ದಳು. ಟಿಣ್ ಅಂದರೆ ಮೇಲ್ ಬಂತು, ಮೇಲ್ ಬಂತೆಂದರೆ ತಂಗಿಯದು. ಆ ತಂಗಿ ಮೂರು ಗಂಟೆ ಬಸ್ಸಿನ ದಾರಿಯ ಊರಲ್ಲಿ ಒಬ್ಬಳೇ ಇದ್ದಳು. ಗಂಟಲಿನ ಆಪರೇಷನ್ನಿನಲ್ಲಿ ಪಾಪ, ದನಿಯೇ ಹೋಗಿತ್ತು. ಮೊಬೈಲು ಇನ್ನೂ ದುಡ್ಡಿದ್ದವರ ಆಟಿಕೆಯಾಗಿದ್ದ ಕಾಲ. ಮನೆಯ ಫೋನ್ ಎತ್ತಿದರೆ ಬರೀ ಉಸಿರು ಕೇಳುತ್ತಿತ್ತು.

"ಟಿಣ್ ಅಂದ್ರೆ ಅವಳು ಅಕ್ಕಾ ಅಂತ ಕೂಗಿದ ಹಾಗೆ ಕಣೋ" ಅನ್ನುತ್ತಿದ್ದಳು ಕೆಂಪಕ್ಕ. ಐದು ನಿಮಿಷದೊಳಗೆ ಉತ್ತರ ಹೋಗಲೇಬೇಕು.

ಒಂದು ಸೋಮವಾರ ಎಲ್ಲರ ಮೇಲ್‌ಪೆಟ್ಟಿಗೆಗಳನ್ನೂ ನೆಲಮಾಳಿಗೆಯ ದೊಡ್ಡ ಕಂಪ್ಯೂಟರಿಗೆ ಸಾಗಿಸಿದರು. ಪೆಟ್ಟಿಗೆ ಕೆಳಗೆ, ಕಾಣುವುದು ಮೇಲೆ, ನಡುವೆ ಒಂದು ತಂತಿ. ಅಂದಿನಿಂದ ಟಿಣ್ ಅನ್ನುವ ಗಂಟೆಯ ಬಾಯಿ ಕಟ್ಟಿತು.

"ಪ್ಲಗ್ ನೋಡಿದ್ಯಾ ಅಂದ್ರೆ ಪೆನ್ಸಿಲಲ್ಲಿ ಚುಚ್ತೀನಿ ನೋಡು" ಎಂದೇ ಬರಮಾಡಿಕೊಂಡಳು ಕೆಂಪಕ್ಕ.

ಪ್ಲಗ್ಗಪ್ಪ ನಗುತ್ತಾ ಅವಳ ಕುರ್ಚಿಯಲ್ಲಿ ಕೂತ. ಪೆಟ್ಟಿಗೆಯ ಹೊಸ ವಿಳಾಸವನ್ನು ಗಂಟೆಗೆ ಕಲಿಸಿದ. ಅಲ್ಲೇ, ಅವಳ ಮೆಷಿನ್ನಿನಿಂದಲೇ ಅವಳಿಗೊಂದು ಮೇಲ್ ಕಳಿಸಿದ. ಟಿಣ್!

"ಗ್ಯಾರಂಟಿನಾ? ಎರಡು ದಿನದಿಂದ ಅವಳಿಗೆ ವಿಪರೀತ ಕೆಮ್ಮು. ಅದಕ್ಕೇ ಕೇಳ್ತಿರೋದು."

"ನನ್ನ ಮೇಲೆ ಭಾರ ಹಾಕಿ ಕೂತ್ಕೋ ಅಕ್ಕ."

ಕೂತಳು. ಮಾರನೇ ದಿನ ಬೆಳಗ್ಗೆಯಿಂದ ಗಂಟೆ ತೆಪ್ಪಗಿತ್ತು. ತಂಗಿ ಮಲಗಿರಬೇಕು ಅಂದುಕೊಂಡು ನಲವತ್ತು ಪುಟ ತಿದ್ದಿದಳು. ಸಂಜೆ ಐದೂವರೆಗೆ ಕಾಗದ ಕಟ್ಟಿಟ್ಟು, ಯಾಕೋ ಮನಸ್ಸು ತಡೆಯದೆ ಪೆಟ್ಟಿಗೆ ತೆರೆದವಳು ಬ್ಯಾಗನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದಳು. ಬ್ಯಾಗ್ ಕೊಟ್ಟು ಬರೋಣವೆಂದು ಅವಳ ಮೇಜಿಗೆ ಹೋದ ಪ್ಲಗ್ಗಪ್ಪನಿಗೆ ತೆರೆದಿದ್ದ ಪರದೆ ಕಂಡಿತು. ನಾಲ್ಕು ಮೇಲ್. "ಉಸಿರು ಕಟ್ತಿದೆ, ಬರ್ತೀಯಾ?" "ಓದಿದ್ಯಾ?" "ಅಕ್ಕಾ." ನಾಲ್ಕನೆಯದರಲ್ಲಿ ಏನೂ ಇರಲಿಲ್ಲ.

ಕೆಂಪಕ್ಕ ಊರು ಮುಟ್ಟುವ ಹೊತ್ತಿಗೆ ತಂಗಿಯ ಜೀವ ಹೋಗಿತ್ತು. ಅಕ್ಕ ಬಂದೇ ಬರುತ್ತಾಳೆಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕಾದಿದ್ದಳಂತೆ.

ಮಾರನೇ ಬೆಳಗ್ಗೆ ಪ್ಲಗ್ಗಪ್ಪ ಮೊದಲ ಸಲ ನೆಲಮಾಳಿಗೆಯಿಂದ ಕೆಂಪಕ್ಕನಿಗೊಂದು ಮೇಲ್ ಕಳಿಸಿ, ಮೆಟ್ಟಿಲು ಹತ್ತಿ ಬಂದು ನೋಡಿದ. ಪೆಟ್ಟಿಗೆಯಲ್ಲಿ ಮೇಲ್ ಇತ್ತು, ಗಂಟೆ ಮಾತ್ರ ಬಾರಿಸಿರಲಿಲ್ಲ. ಕೆಂಪಕ್ಕನ ಮೆಷಿನ್ನೇ ಪೆಟ್ಟಿಗೆಗೆ ಮೇಲ್ ಹಾಕಿದರೆ ಮಾತ್ರ ಆ ಗಂಟೆಗೆ ಎಚ್ಚರ. ಕೆಳಗಿನ ಕಂಪ್ಯೂಟರೇ ಮೇಲ್ ತಂದು ಹಾಕಿದರೆ ಗಂಟೆಗೆ ಸುದ್ದಿಯೇ ಇಲ್ಲ. ಹೊರಗಿನ ಮೇಲುಗಳನ್ನೆಲ್ಲ ತಂದು ಹಾಕುವುದು ಕೆಳಗಿನದೇ ಅಲ್ಲವೇ! ನಿಮಿಷಕ್ಕೊಮ್ಮೆ ಪೆಟ್ಟಿಗೆಯನ್ನು ತಾನೇ ಇಣುಕಿ ನೋಡುವ ಹಾಗೆ ಗಂಟೆಯನ್ನು ಬದಲಿಸಿದ. ಎರಡು ನಿಮಿಷದ ಕೆಲಸ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವನು ಅಲ್ಲೇ ಕೂತು ಅತ್ತ.

"ಮೆಷಿನ್ ತಪ್ಪಿಗೆ ನೀನೇನು ಮಾಡ್ತೀಯ, ಸುಮ್ನಿರೋ" ಎಂದರು ಎಲ್ಲರೂ. ಎರಡು ವಾರ ಅವನಿಗೆ ಅನ್ನ ಸೇರಲಿಲ್ಲ.

ಕೆಂಪಕ್ಕ ಕೆಲಸಕ್ಕೆ ಬಂದ ದಿನ ಅವನನ್ನೇ ಕರೆಸಿದಳು. ಮುಖ ಬತ್ತಿಹೋಗಿತ್ತು.

"ಅವತ್ತಿನ ಗಾಬರೀಲಿ ಟೈಮ್ ನೋಡ್ಲಿಲ್ಲ ಕಣೋ. ಈಗ ಪೆಟ್ಟಿಗೆ ತೆರೆಯೋಕೆ ನನ್ನ ಕೈಲಾಗ್ತಿಲ್ಲ. ಅವಳ ಮೊದಲ್ನೇದು ಎಷ್ಟು ಹೊತ್ತಿಗೆ ಬಂದಿತ್ತು, ನೀನೇ ನೋಡಿ ಹೇಳು. ಮಧ್ಯಾಹ್ನ ಮೂರು ಗಂಟೆಗೆ ಅವಳು ಕಿಟಕೀಲಿ ಕೂತು ದಾರಿ ನೋಡ್ತಿದ್ಲು ಅಂತ ಪಕ್ಕದ ಮನೆಯವಳು ಹೇಳಿದ್ಲು."

ಅವನು ನೋಡಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. ಪರದೆ ಅವನ ಕಡೆಗಿತ್ತು, ಯಾವ ಹೊತ್ತು ಹೇಳಿದರೂ ನಡೆಯುತ್ತಿತ್ತು. ಆದರೆ ಇನ್ನೊಂದು ಸಲ ಅವಳಿಗೆ ಸುಳ್ಳು ಭರವಸೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ.

"ಹನ್ನೊಂದು ಹತ್ತಕ್ಕೆ, ಅಕ್ಕ. ಕೆಳಗಿಂದ ಒಂದು ಮೇಲ್ ಕಳಿಸಿ ನೋಡಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ತಪ್ಪು ನಂದೇ."

ಕೆಂಪಕ್ಕ ಬೆರಳು ಮಡಚುತ್ತಾ ಬಸ್ಸಿನ ದಾರಿಯನ್ನು ಹನ್ನೆರಡು, ಒಂದು, ಎರಡು ಎಂದು ಎಣಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಐದು ಗಂಟೆಗೆ ಬಂತು ಅಂತ ಒಂದು ಮಾತು ಹೇಳಿದ್ರೆ ನಂಬ್ತಿದ್ನಲ್ಲೋ, ತಮ್ಮಾ" ಎಂದಳು.