ಕಲಸಿಟ್ಟ ಗಾರೆ

ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ರಸಮಟ್ಟ ಎಂದೇ ಕರೆಯುತ್ತಿದ್ದರು. ಗಾಜಿನ ಕೊಳವೆಯ ನಡುವೆ ಗುಳ್ಳೆ ನಿಂತರೆ ಗೋಡೆ ಸಮ ಎಂದು ತೋರಿಸುತ್ತದಲ್ಲ, ಆ ಸಾಧನ. ಈ ಮನುಷ್ಯನೂ ಹಾಗೇ, ಅತ್ತ ವಾಲಿದವನಲ್ಲ, ಇತ್ತ ವಾಲಿದವನಲ್ಲ. ಬೈದರೂ "ಸರಿ", ಹೊಗಳಿದರೂ "ಸರಿ". ಒಮ್ಮೆ ಸಾರುವೆಯ ಹಲಗೆ ಮುರಿದು ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋದಾಗಲೂ ಎದ್ದು ಬಟ್ಟೆ ಕೊಡವಿಕೊಂಡು ಕರಣೆ ಎಲ್ಲಿ ಬಿತ್ತು ಎಂದು ಹುಡುಕಿದ್ದನಂತೆ. ಈ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಹೆಂಡತಿ. ಮದುವೆಯಾದ ಹೊಸತರಲ್ಲೇ ಅವಳು ತಂಗಿಯ ಹತ್ತಿರ ಗೋಳು ಹೇಳಿಕೊಂಡಿದ್ದಳು: ಗೋಡೆಯ ಜೊತೆ ಜಗಳ ಆಡಿದರೆ ಒಂದಿಷ್ಟು ಪುಡಿಯಾದರೂ ಉದುರುತ್ತದೆ, ಇವರಿಂದ ಅದೂ ಇಲ್ಲ.

ಗೋಳು ಗೋಳಿನ ಪಾಡಿಗೆ, ಕೆಲಸ ಕೆಲಸದ ಪಾಡಿಗೆ. ಮೂವತ್ತು ವರ್ಷ ಇಬ್ಬರೂ ಒಟ್ಟಿಗೇ ದುಡಿದರು. ಅವನು ಸಾರುವೆಯ ಮೇಲೆ ನಿಂತು ಗಾರೆ ಹಚ್ಚುತ್ತಿದ್ದ, ಅವಳು ನೆಲದಲ್ಲಿ ಮರಳು ಜರಡಿ ಹಿಡಿದು ಸಿಮೆಂಟು ಕಲಸಿ ಬಾಂಡಲಿ ತುಂಬಿ ಕೊಡುತ್ತಿದ್ದಳು. ಮಗಳು ಆ ಮರಳಿನ ಗುಡ್ಡೆಯ ಮೇಲೇ ಆಡಿ ಬೆಳೆದಳು, ದೊಡ್ಡವಳಾದ ಮೇಲೆ ಅಮ್ಮನ ಜೊತೆ ಅವಳೂ ಕಲಸಿದಳು, ಮದುವೆಯಾಗಿ ನಾಲ್ಕು ಬೀದಿಯ ಆಚೆಗೆ ಹೋದಳು. ಮೂವರಲ್ಲಿ ಮಾತಾಡುತ್ತಿದ್ದವರು ಇಬ್ಬರು. ಮೂರನೆಯವನಿಗೆ ಕೇಳಿಸಿಕೊಳ್ಳುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ ಎಂದು ಅವರಿಬ್ಬರೂ ನಗುತ್ತಿದ್ದರು.

ಬೇರೆ ಮೇಸ್ತ್ರಿಗಳು ಮೂಗು ಮುರಿಯುವ ಕೆಲಸವೇ ಇವನ ಕೈಗೆ ಬರುತ್ತಿತ್ತು. ಕಲಬೆರಕೆ ಗೋಡೆ. ಅಜ್ಜ ಕಟ್ಟಿದ ಕಲ್ಲಿನ ಗೋಡೆ, ಅದರ ಮೇಲೆ ಅಪ್ಪ ಏರಿಸಿದ ಇಟ್ಟಿಗೆ, ಪಕ್ಕದಲ್ಲಿ ಮಗ ನಿಲ್ಲಿಸಿದ ಕಾಂಕ್ರೀಟ್ ಕಂಬ, ನಡುವೆ ಎಂದೋ ಮುಚ್ಚಿದ ಕಿಟಕಿಗೆ ತುರುಕಿದ ಒಡೆದ ಹೆಂಚು. ಹೊರಗಿನಿಂದ ಅದೆಲ್ಲ ಒಂದೇ ಗೋಡೆಯ ಹಾಗೆ ಕಾಣಬೇಕು, ಬಿಸಿಲು ಮಳೆ ತಡೆಯಬೇಕು. ಆದರೆ ಒಂದೇ ಮನೆಗೆ ಬಂದ ವಾರಗಿತ್ತಿಯರ ಹಾಗೆ ಒಂದಕ್ಕೊಂದು ಆಗಿಬರುವುದಿಲ್ಲ. ಇಟ್ಟಿಗೆ ಗಟಗಟನೆ ನೀರು ಕುಡಿಯುತ್ತದೆ. ಕಾಂಕ್ರೀಟ್ ಬಾಯೇ ಬಿಡುವುದಿಲ್ಲ. ಬಿಸಿಲಿಗೆ ಒಂದು ಹಿಗ್ಗುವಷ್ಟು ಇನ್ನೊಂದು ಹಿಗ್ಗುವುದಿಲ್ಲ. ಎಲ್ಲದರ ಮೇಲೂ ಒಂದೇ ಸಮ ಗಾರೆ ಬಳಿದರೆ ವರ್ಷ ತಿರುಗುವುದರೊಳಗೆ ಕೂಡುವ ಗೆರೆಯಲ್ಲೇ ಬಿರುಕು. ಅದಕ್ಕೆ ರಸಮಟ್ಟ ಇಟ್ಟಿಗೆಗೆ ಮೊದಲೇ ನೀರು ಕುಡಿಸುತ್ತಿದ್ದ, ಕಾಂಕ್ರೀಟಿಗೆ ಉಳಿಯಿಂದ ಕಚ್ಚು ಹಾಕುತ್ತಿದ್ದ, ಎರಡೂ ಸೇರುವ ಕಡೆ ಆಚೆಗೊಂದು ಗೇಣು ಈಚೆಗೊಂದು ಗೇಣು ತಂತಿಯ ಜಾಲರಿ ಇಟ್ಟು ಮೊಳೆ ಹೊಡೆಯುತ್ತಿದ್ದ. ಆಮೇಲೆ ತೆಳ್ಳಗೆ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು. ಅವಸರ ಮಾಡುವ ಮನೆಯವರಿಗೆ ಹೆಂಡತಿಯೇ ಉತ್ತರ ಕೊಡುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಅವನು ಹಚ್ಚಿದ ಗೋಡೆ ಬಿರುಕು ಬಿಟ್ಟಿದ್ದು ಒಂದೂ ಇರಲಿಲ್ಲ.

ಈ ಮಾತು ಬೇಕರಿಯ ಗೋಡೆಯವರೆಗೆ ನಿಜ.

ಬೇಕರಿ ಎರಡು ಮಹಡಿಯದು, ಮೇಲೆ ಹೇಳಿದ ಸಕಲವೂ ಅದರ ಒಂದೇ ಗೋಡೆಯಲ್ಲಿತ್ತು. ಹೆಂಡತಿಗೆ ಎದೆಯ ತೊಂದರೆ ಶುರುವಾಗಿ ವರ್ಷವಾಗಿದ್ದರಿಂದ ಕಲಸುವುದಕ್ಕೆ ಬೇರೆ ಹೆಂಗಸು ಬಂದಿದ್ದಳು. ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಅವನು ಮೇಲಿನ ಹಲಗೆಯ ಮೇಲೆ ನಿಂತಿದ್ದಾಗ, ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಗಳು. ಬೆಳಿಗ್ಗೆ ಅಮ್ಮನಿಗೆ ಉಸಿರು ಹಿಡಿದಂತಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಹಿಂದೆಯೂ ಎರಡು ಸಲ ಹಾಗಾಗಿ ಸಂಜೆಗೆ ಮನೆಗೆ ಬಂದಿದ್ದಳಾದ್ದರಿಂದ ಹೆಂಡತಿಯೇ ಅವನನ್ನು ಗದರಿಸಿ ಕೆಲಸಕ್ಕೆ ಕಳಿಸಿದ್ದಳು. ಈ ಸಲ ಮಗಳು ಹೇಳಿದ್ದು ಎರಡೇ ಮಾತು. ಅಮ್ಮ ಹೋದಳು, ಬಾ. ಅವನು ಸರಿ ಎಂದು ಫೋನು ಜೇಬಿಗೆ ಹಾಕಿದ.

ಆಸ್ಪತ್ರೆ ಅಲ್ಲಿಂದ ನಡೆದರೆ ಕಾಲು ಗಂಟೆ. ಅವನು ಬಂದು ತಲುಪಿದ್ದು ಐದು ಗಂಟೆಗೆ. ಕೈಕಾಲು ತೊಳೆದಿತ್ತು, ಚೀಲದಲ್ಲಿದ್ದ ಕರಣೆಯೂ ತೊಳೆದಿತ್ತು. ಇಷ್ಟು ಹೊತ್ತು ಎಲ್ಲಿದ್ದೆ ಎಂದು ಮಗಳು ಕೇಳಿದ್ದಕ್ಕೆ, "ಗಾರೆ ಕಲಸಿದ್ದಿತ್ತು" ಅಂದ.

ಸಿಮೆಂಟು ನೀರು ಕಂಡ ಮೇಲೆ ಯಾರಿಗಾಗಿಯೂ ಕಾಯುವುದಿಲ್ಲ, ಗಂಟೆಯೊಳಗೆ ಗೋಡೆಗೆ ಹೋಗಬೇಕು, ಇಲ್ಲ ಎಸೆಯಬೇಕು. ಇದು ಕಸುಬಿನವರಿಗೆಲ್ಲ ಗೊತ್ತು. ಆದರೆ ಹೆಂಡತಿಯ ಸುದ್ದಿ ಕೇಳಿಯೂ ಒಂದು ಬಾಂಡಲಿ ಗಾರೆಗೆ ಮರುಗಿದವನನ್ನು ಯಾರೂ ಕಂಡಿರಲಿಲ್ಲ. ನೆಂಟರಿಷ್ಟರ ಬಾಯಿಗೆ ಅವಲಕ್ಕಿ ಹಾಕಿದ ಹಾಗಾಯಿತು. ಕಲಸಿದ್ದಿತ್ತಂತೆ, ಎಂದು ನಾದಿನಿ ಮುಖ ತಿರುಗಿಸಿದಳು. ಕಲ್ಲಿನ ಗೋಡೆ ಬಳಿದೂ ಬಳಿದೂ ಎದೆಯೂ ಅದೇ ಆಗಿದೆ ಎಂದು ಇನ್ಯಾರೋ ಅಂದರು. ಅದಕ್ಕಿಂತ ಕೆಟ್ಟದ್ದು ಒಂದು ವಾರದ ನಂತರ ಗೊತ್ತಾಯಿತು. ಕಲಸುವ ಹೆಂಗಸು ಮಾತಾಡಿಸಲು ಬಂದವಳು ಮಗಳ ಹತ್ತಿರ ಹೇಳಿಬಿಟ್ಟಳು: ಫೋನು ಬಂದಾಗ ಮೇಲಿದ್ದದ್ದು ಅರ್ಧ ಬಾಂಡಲಿ ಮಾತ್ರ, ಅದು ಮುಗಿದ ಮೇಲೆ ಮೇಸ್ತ್ರಿ ಬಗ್ಗಿ ನೋಡಿ ಇನ್ನೊಂದು ಕಲಸು ಅಂದರು, ಆಮೇಲೆ ಮತ್ತೊಂದು. ಅವಳಿಗೇನು ಗೊತ್ತು ಪಾಪ, ಕಲಸಿ ಕೊಟ್ಟಳು.

ಅವತ್ತಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಲ್ಲ. ಎರಡು ದಿನಕ್ಕೊಮ್ಮೆ ಬರುತ್ತಿದ್ದಳು, ಅನ್ನ ಸಾರು ಇಟ್ಟು, ಬಟ್ಟೆ ಒಗೆದು, ಕಸ ಗುಡಿಸಿ ಹೋಗುತ್ತಿದ್ದಳು. ಎಣ್ಣೆ ಮುಗಿದಿದೆ ಎಂದು ಡಬ್ಬಕ್ಕೆ ಹೇಳುತ್ತಿದ್ದಳು, ನಲ್ಲಿ ಸೋರುತ್ತಿದೆ ಎಂದು ನಲ್ಲಿಗೇ ಹೇಳುತ್ತಿದ್ದಳು. ಅಪ್ಪ ಅಲ್ಲೇ ಕೂತಿರುತ್ತಿದ್ದ. ಏಳು ತಿಂಗಳು ಹೀಗೇ ಕಳೆಯಿತು. ಅವನಿಗೆ ಇದ್ದವಳು ಅವಳೊಬ್ಬಳೇ. ಅವಳು ಇನ್ನು ಮಾತಾಡದೆಯೇ ಇರಬಹುದು ಎಂಬುದು ಅವನಿಗೆ ಗೊತ್ತಿತ್ತು, ಆದರೆ ಅದು ಬೇರೆ ಯಾರದೋ ಮನೆಯ ಸಂಗತಿ ಎಂಬ ಹಾಗೆ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದ. ರಾತ್ರಿಯಾದರೆ ನಿದ್ದೆ ಬರುತ್ತಿತ್ತು. ಹೆಂಡತಿಯ ಸೀರೆಗಳನ್ನು ಮಗಳು ಗಂಟು ಕಟ್ಟಿ ಒಯ್ದಾಗ ಗಂಟು ಸಡಿಲವಾಗಿದೆ ಎಂದು ನೋಡಿದ, ಅಷ್ಟೆ. ಹಲ್ಲು ಕೀಳುವಾಗ ಮರಗಟ್ಟಲು ಸೂಜಿ ಚುಚ್ಚಿಸಿಕೊಂಡ ದವಡೆಯನ್ನು ಮುಟ್ಟಿ ನೋಡುವ ಹಾಗೆ ಅವನು ಆಗಾಗ ತನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಈಗ ಅಳು ಬರಬಹುದೇ? ಈಗ? ಬರುತ್ತಿರಲಿಲ್ಲ. ನೆಂಟರು ಹೇಳುವುದು ಸರಿಯೇ ಇರಬೇಕು, ತಾನು ಮನುಷ್ಯನೇ ಅಲ್ಲವೇನೋ ಎಂದುಕೊಂಡ. ಹಾಗೆ ಅಂದುಕೊಂಡಾಗಲೂ ಏನೂ ಆಗಲಿಲ್ಲ. ಆ ಮಧ್ಯಾಹ್ನದ ಬಗ್ಗೆ ಯೋಚಿಸಿದರೆ ನೆನಪಾಗುತ್ತಿದ್ದದ್ದು ಎಂದಿನಂತೆ ಮಾಡಿದ ಒಂದು ದಿನದ ಕೆಲಸ. ನೀರು ಹೊಡೆದೆ, ಕಚ್ಚು ಹಾಕಿದೆ, ಜಾಲರಿ ಹೊಡೆದೆ, ಹಚ್ಚಿದೆ, ಮಟ್ಟಗೋಲು ಎಳೆದೆ, ಉಜ್ಜಿದೆ, ಇಳಿದೆ.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ, ಬೇಕರಿಯವನಿಂದ ಫೋನು ಬಂತು. ಮೇಲ್ಗಡೆ, ಕಂಬದ ಪಕ್ಕ, ಆಳೆತ್ತರದ ಬಿರುಕು. ಬಡಿದರೆ ಟೊಳ್ಳು ಶಬ್ದ. ಬೇಕರಿಯವನು ಕೆಟ್ಟವನಲ್ಲ, ಆದರೆ ಬಾಯಿ ಹೊಲಿದುಕೊಂಡು ಹುಟ್ಟಿದವನೂ ಅಲ್ಲ. ಬ್ರೆಡ್ಡಿಗೆ ಬಂದವರಿಗೆಲ್ಲ ಹೇಳಿದ. ಹಾಗೆ ಬಂದವರಲ್ಲಿ ಮಗಳೂ ಒಬ್ಬಳು.

ಅವಳು ನಂಬಲಿಲ್ಲ. ಅಪ್ಪನ ಮೇಲೆ ಎಷ್ಟೇ ಸಿಟ್ಟಿರಲಿ, ಅಪ್ಪನ ಗೋಡೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬೀದಿಗೆ ಇಳಿದು ಕತ್ತೆತ್ತಿ ನೋಡಿದಳು. ಬಿರುಕು ಬಿಟ್ಟಿದ್ದು ಹೌದು. ಕಂಬ ಮತ್ತು ಇಟ್ಟಿಗೆ ಸೇರುವ ಗೆರೆಯಲ್ಲೇ, ದಾರ ಹಿಡಿದು ಎಳೆದ ಹಾಗೆ ನೇರ.

ಮರುದಿನ ಬೆಳಿಗ್ಗೆ ರಸಮಟ್ಟ ಸಾರುವೆ ಕಟ್ಟಿಕೊಂಡು ಇಳಿದು ನೋಡಿದರೆ ಮರಳಿನ ಪಕ್ಕ ಮಗಳು ನಿಂತಿದ್ದಳು. ಹಳೆಯ ಸೀರೆ, ಮೇಲೊಂದು ಗಂಡನ ಅಂಗಿ, ತಲೆಗೆ ಬಟ್ಟೆ. ಮಾತಿಲ್ಲ. ಜರಡಿ ತೆಗೆದುಕೊಂಡು ಮರಳು ಹಿಡಿಯತೊಡಗಿದಳು. ಅವನು ಉಳಿ ಸುತ್ತಿಗೆ ತೆಗೆದುಕೊಂಡು ಮೇಲೆ ಹತ್ತಿದ.

ಬಿರುಕಿನ ಪಕ್ಕ ಉಳಿ ಇಟ್ಟು ಎರಡು ಪೆಟ್ಟು ಹಾಕಿದ್ದೇ ತಡ, ತಲೆದಿಂಬಿನಷ್ಟು ದೊಡ್ಡ ಚಕ್ಕೆ ಇಡಿಯಾಗಿ ಕಳಚಿಕೊಂಡು ಅವನ ಕೈಮೇಲೆ ಬಂತು. ಗೋಡೆಯನ್ನು ಹಿಡಿದಿರಲೇ ಇಲ್ಲ ಅದು. ಅವನು ಚಕ್ಕೆಯನ್ನು ಹಲಗೆಯ ಮೇಲಿಟ್ಟು ಗೋಡೆ ನೋಡಿದ. ನೋಡುತ್ತಲೇ ನಿಂತ. ಕೆಳಗೆ ಮಗಳು ಸುತ್ತಿಗೆಯ ಸದ್ದಿಗೆ ಕಾದಳು. ಎಷ್ಟು ಹೊತ್ತಾದರೂ ಸದ್ದಿಲ್ಲ. ಕೊನೆಗೆ ಏಣಿ ಹತ್ತಿ ಅವಳೇ ಮೇಲೆ ಬಂದಳು.

ಗೋಡೆ ಬೆತ್ತಲೆ ಇತ್ತು. ಕಾಂಕ್ರೀಟ್ ಕಂಬದ ಮೇಲೆ ಒಂದು ಕಚ್ಚೂ ಇಲ್ಲ, ಅಚ್ಚಿನ ಹಲಗೆ ಬಿಚ್ಚಿದ ದಿನದ ನುಣುಪು ಹಾಗೇ ಇದೆ. ಇಟ್ಟಿಗೆಯ ಮೇಲೆ ಕೈ ಸವರಿದರೆ ಒಣ ಕೆಂಪು ಪುಡಿ, ನೀರೇ ತೋರಿಸಿಲ್ಲ. ಎರಡರ ನಡುವಿನ ಗೆರೆಯ ಮೇಲೆ ಬರೀ ಗಾರೆ. ಅವಳು ಚಕ್ಕೆಯನ್ನು ಎತ್ತಿ ಅಡ್ಡ ತಿರುಗಿಸಿದಳು. ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ನಾಲ್ಕು ಬೆರಳು. ಒಂದೇ ಜಾಗಕ್ಕೆ ಮೇಲಿಂದ ಮೇಲೆ, ಮೇಲಿಂದ ಮೇಲೆ ಹಾಕಿದ್ದು. ಅಷ್ಟು ದಪ್ಪ ಗಾರೆ ಬಳಿಯಬಾರದೆಂದು ಮರಳಿನಲ್ಲಿ ಆಡುವ ವಯಸ್ಸಿನಲ್ಲೇ ಅವಳಿಗೆ ಗೊತ್ತಿತ್ತು. ಹೊರಗಿನ ಮೈ ಮಾತ್ರ ಕನ್ನಡಿಯ ಹಾಗೆ ಉಜ್ಜಿತ್ತು.

"ಜಾಲರಿ ಎಲ್ಲಿ, ಅಪ್ಪ?"

ಏಳು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಅವನಿಗೆ ಅದು ಗಮನಕ್ಕೂ ಬಂದ ಹಾಗೆ ಕಾಣಲಿಲ್ಲ.

"ಹೊಡೆದಿದ್ದೆ," ಅಂದ. ಆಮೇಲೆ, "ಹೊಡೆದಿದ್ದೆ ಅಂದ್ಕೊಂಡಿದ್ದೆ."

"ಇದು ನೀನು ಮಾಡಿದ ಕೆಲಸ ಅಲ್ಲ."

"ನಾನೇ. ಅವತ್ತು ಬೇರೆ ಯಾರಿದ್ರು ಮೇಲೆ?"

ಅವನು ಹಲಗೆಯ ಮೇಲೆ ಕೂತುಬಿಟ್ಟ. ತನ್ನ ಕೈಬರಹವನ್ನು ಓದಲಾಗದವನ ಹಾಗೆ ಗೋಡೆಯನ್ನೇ ನೋಡುತ್ತಿದ್ದ. ಕೆಲಸ ಕಲಿಯಲು ಬಂದ ಮೊದಲ ದಿನವೂ ಅವನು ಇಂಥ ಗೋಡೆ ಮಾಡಿರಲಿಲ್ಲ. ಮಗಳೂ ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಹಾಲಿನ ವ್ಯಾನು ಬಂತು, ಬೇಕರಿಯವನು ಕ್ರೇಟು ಎಣಿಸಿಕೊಂಡ, ವ್ಯಾನು ಹೋಯಿತು. ಆಮೇಲೆ ಅವನು ಕೇಳಿದ. ಆಸ್ಪತ್ರೆಯ ಬಾಗಿಲಲ್ಲೇ ಕೇಳಬೇಕಿದ್ದ ಮಾತು, ಇಷ್ಟು ದಿನ ಕೇಳಬೇಕೆಂದೇ ಹೊಳೆದಿರಲಿಲ್ಲ.

"ಅವಳು ಏನಾದ್ರೂ ಅಂದ್ಲಾ?"

ಮಗಳು ಹೇಳಿದಳು. ಎರಡು ಗಂಟೆಯ ಹೊತ್ತಿಗೆ ಉಸಿರು ಜಾಸ್ತಿಯಾದಾಗ ಅಪ್ಪನನ್ನು ಕರೆಸುತ್ತೇನೆ ಎಂದು ಅವಳು ಫೋನು ತೆಗೆದಿದ್ದಳಂತೆ. ಅಮ್ಮ ಕೈ ಹಿಡಿದು ಬೇಡ ಅಂದಳಂತೆ.

"'ಈಗ ಮಾಡ್ಬೇಡ, ಮೇಲಿರ್ತಾರೆ. ಗಾಬರಿಯಲ್ಲಿ ಹೆಜ್ಜೆ ತಪ್ಪಿದ್ರೆ? ಇಳಿದ್ಮೇಲೆ ಹೇಳು' ಅಂದ್ಲು. ಆಮೇಲೆ ಏನೂ ಮಾತಾಡ್ಲಿಲ್ಲ." ಮಗಳು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. "ಅವಳು ಹೋದ ತಕ್ಷಣ ನಾನು ಮಾಡಿಬಿಟ್ಟೆ. ಮೇಲಿದೀಯೋ ಕೆಳಗಿದೀಯೋ ಅಂತ ಒಂದು ಮಾತು ಕೇಳ್ಲಿಲ್ಲ. ಅಷ್ಟು ಹೇಳಿದ್ಲು, ಅದನ್ನೂ ನಡೆಸಲಿಲ್ಲ ನಾನು. ನೀನು ಬರಲೇ ಇಲ್ಲ. ನಾಲ್ಕಾಯ್ತು, ನಾಲ್ಕೂವರೆ ಆಯ್ತು, ಅಪ್ಪ ಬಿದ್ದೇಬಿಟ್ಟ ಅಂತ ಕೂತಿದ್ದೆ. ನೀನು ಬಂದು ಗಾರೆ ಕಲಸಿದ್ದಿತ್ತು ಅಂದೆ."

ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದ.

"ಇಳಿಯೋಕೆ ಹೋದೆ ಮಗಳೇ. ಏಣಿ ಹತ್ರ ಹೋದೆ. ಕಾಲು ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ. ವಾಪಸ್ ಬಂದು ಗಾರೆ ಹಚ್ಚಿದೆ. ಕೈಗೆ ಅದೊಂದು ಗೊತ್ತಿತ್ತು."

ಮಗಳು ಅವನ ಮುಖ ನೋಡಿದಳು.

"ಇನ್ನೊಂದು ಕಲಸು ಅಂದಿದ್ದು ಅದಕ್ಕೇ," ಅಂದ. "ಗಾರೆ ಮುಗಿದ್ರೆ ಇಳೀಬೇಕಿತ್ತಲ್ಲ."