ಹಮೀದಾಕನ ಬ್ರೇಕಿನ ಗಂಟೆ

ಕೆಲಸಕ್ಕೆ ಊರೂರು ತಿರುಗಬೇಕಾಗಿ ಬಂದಾಗ, ನಲವತ್ತೆಂಟನೇ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ತಾಯಿಯಾದ ನಾನು ಕಲ್ಲಡ್ಕದಲ್ಲಿ ಕಾರು ಕಲಿತೆ. ಕಲಿಸಿದ್ದು ಎಲ್ಲರೂ ಹಮೀದಾಕ ಎಂದು ಕರೆಯುವ ಹಿರಿಯರು. ಆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ಅವರ ಕಾಲಬುಡದಲ್ಲೂ ಒಂದು ಬ್ರೇಕ್ ಉಂಟು; ಅದನ್ನು ಮುಟ್ಟಿದರೆ ಸಾಕು, ಟ್ರಿಣ್ ಎಂದು ಗಂಟೆ ಹೊಡೆಯುತ್ತಿತ್ತು.

ಮಾಣಿ ಊರಿನ ಹತ್ತಿರ ಲಾರಿ ಎದುರಾದಾಗ ಗಂಟೆ ಹೊಡೆಯಿತು. ನಾನು ಕಾರನ್ನು ಬದಿಗೆ ನಿಲ್ಲಿಸಿ ಕೇಳಿದೆ.

"ನಾನೇನು ತಪ್ಪು ಮಾಡಿದೆ?"

"ತಪ್ಪು ನಂದು ಮಾರಾಯ್ರೆ. ನೀವು ಆಗಲೇ ಬ್ರೇಕ್ ಹಾಕಿ ಆಗಿತ್ತು. ಹೆಂಗಸರು ಓಡಿಸುವಾಗ ನನ್ನ ಕಾಲು ಸುಮ್ಮನೆ ಮುಂದೆ ಹೋಗ್ತದೆ, ಗಂಡಸರು ಓಡಿಸುವಾಗ ಹೋಗುವುದಿಲ್ಲ. ಕಲಿಯಲು ಬಂದ ಒಬ್ಬಳು ಹುಡುಗಿ ಇದನ್ನು ಹೇಳಿದಾಗ ನಾನು ನಂಬಲೇ ಇಲ್ಲ. ಅದಕ್ಕೇ ಗಂಟೆ ಕಟ್ಟಿದ್ದು. ಕಾಲು ಏನು ಮಾಡ್ತದೆ ಅಂತ ನನಗೆ ಗೊತ್ತಾಗಬೇಕಲ್ಲ?"

ಕಲಿಸುವವರೊಬ್ಬರು ಹೀಗೆ ಒಪ್ಪಿಕೊಂಡದ್ದನ್ನು ನಾನು ಮೊದಲ ಸಲ ಕಂಡದ್ದು. ಕೊನೆಯ ದಿನ ವಾಮದಪದವಿನವರೆಗೆ ಹೋಗಿ ಬಂದೆವು. ಗಂಟೆ ಒಮ್ಮೆಯೂ ಹೊಡೆಯಲಿಲ್ಲ. ನನಗಿಂತ ಅವರಿಗೇ ಹೆಚ್ಚು ಖುಷಿ.

ಮಗ ಕಾರು ಓಡಿಸುವಾಗ ನಾನು ಪಕ್ಕದಲ್ಲಿ ಗೊರಕೆ ಹೊಡೆಯುತ್ತೇನೆ. ಮೊನ್ನೆ ಮಗಳು ಓಡಿಸಿದಳು. ಬಂಟ್ವಾಳ ತಲುಪುವಷ್ಟರಲ್ಲಿ ನನ್ನ ಕಾಲಡಿಯ ಮ್ಯಾಟ್ ಮುದ್ದೆಯಾಗಿತ್ತು.

ಹಮೀದಾಕನಿಗೆ ಫೋನ್ ಮಾಡಿ, ಆ ಗಂಟೆ ಎಲ್ಲಿ ಸಿಗ್ತದೆ ಎಂದು ಕೇಳಿದೆ.